ಗಡ್ಡದ ಕೆಳಗೆ

ಯೂನಿಸ್ ಕೋಲ್‌ಬೆಕ್‌ಗೆ ಅಂದು ಬೆಳಿಗ್ಗೆಯಿಂದ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ, ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಕಾಫಿ ತಂದುಕೊಂಡಳು, ಕುಡಿಯದೆ ಎಲ್ಲೋ ಇಟ್ಟಳು, ಎಲ್ಲಿಟ್ಟೆನೆಂದು ಹುಡುಕಿ ಸಿಗದೆ ಇನ್ನೊಂದು ತಂದುಕೊಂಡಳು. ಆಪರೇಷನ್ ಥಿಯೇಟರಿಗೆ ಹೋಗಿ, ಮೇಜಿನ ತಲೆಯ ಕಡೆ ತಾನೇ ಮಡಿಸಿ ಪೇರಿಸಿದ್ದ ಹೊದಿಕೆಗಳನ್ನು ಒತ್ತಿ ನೋಡಿ, ಕೆಡವಿ, ಮತ್ತೆ ಪೇರಿಸಿದಳು.

"ಡಾಕ್ಟ್ರೇ, ಎಷ್ಟು ಸಲ ಕೆಡವ್ತೀರಿ? ನಿಮ್ಮನೇಲಿ ಹಾಸಿಗೆ ಹಾಸೋದಕ್ಕೂ ಇಷ್ಟೇ ಹೊತ್ತು ಹಿಡಿಯುತ್ತಾ?" ಎಂದಳು ನರ್ಸ್ ಮೇವಿಸ್.

ಯೂನಿಸ್ ನಗಲಿಲ್ಲ.

ಅವಳು ಅರಿವಳಿಕೆಯ ಡಾಕ್ಟರು. ಜನ ಏನಂದುಕೊಂಡಿದ್ದಾರೆಂದರೆ, ಈಕೆ ರೋಗಿಯನ್ನು ಮಲಗಿಸುತ್ತಾಳೆ, ಆಮೇಲೆ ಸ್ಟೂಲು ಎಳೆದುಕೊಂಡು ಕೂತು ಆಕಳಿಸುತ್ತಾಳೆ ಎಂದು. ಅಲ್ಲ, ಮಲಗಿಸುವುದು ಯಾವ ಘನಂದಾರಿ ವಿದ್ಯೆ? ಸಿರಿಂಜು ಒತ್ತಿದರೆ ಎಂಥವರೂ ಮಲಗುತ್ತಾರೆ. ಕಷ್ಟ ಇರುವುದು ಆಮೇಲೆ. ಆ ಮದ್ದು ಎಚ್ಚರದ ಜೊತೆಗೆ ಉಸಿರನ್ನೂ ನಿಲ್ಲಿಸುತ್ತದೆ. ಅಲ್ಲಿಂದ ಗಂಟಲಿನೊಳಗೆ ಕೊಳವೆ ಇಳಿಯುವವರೆಗೆ ಮುಖಕ್ಕೆ ಮಾಸ್ಕು ಒತ್ತಿ ಹಿಡಿದು ಗಾಳಿ ಊದುತ್ತಿರಬೇಕು. ಸಣಕಲು ಮೈಯವರಾದರೆ ಕೈ ಒಂದಿಷ್ಟು ತಡವರಿಸಿದರೂ ನಡೆಯುತ್ತದೆ. ಭಾರಿ ಮೈಯವರಲ್ಲಿ ಆ ಪುರುಸೊತ್ತಿಲ್ಲ. ಹೊಟ್ಟೆ ಎದ್ದು ಎದೆಯನ್ನು ಒತ್ತುತ್ತಿರುತ್ತದೆ, ಶ್ವಾಸಕೋಶದಲ್ಲಿ ಗಾಳಿ ಅಷ್ಟಕ್ಕಷ್ಟೇ, ನೋಡನೋಡುತ್ತಿದ್ದಂತೆ ತುಟಿ ನೀಲಿಗಟ್ಟುತ್ತದೆ. ತೂಕ ಇಳಿಸುವ ಆಪರೇಷನ್ನಿಗೆ ಬರುವವರೆಲ್ಲ ಅಂಥವರೇ ತಾನೇ? ಅದಕ್ಕೇ ಆ ಹೊದಿಕೆಗಳ ಇಳಿಜಾರು. ಮಲಗಿದವನ ಕಿವಿ ಎದೆಯ ಮೇಲ್ತುದಿಯ ಕುಳಿಗೆ ಸಮವಾಗಿ ಬರಬೇಕು, ಆಗ ಕೊಳವೆ ಇಳಿಸುವ ದಾರಿ ಕಣ್ಣಿಗೆ ಕಾಣುತ್ತದೆ.

ಇಂಥ ಎಷ್ಟೋ ಮಂದಿಯನ್ನು ಅವಳು ಮಲಗಿಸಿ, ಎಬ್ಬಿಸಿ, ಮನೆಗೆ ಕಳಿಸಿದ್ದಳು. ಇವತ್ತು ಅವಳ ತಲೆಗೆ ಹುಳ ಬಿಟ್ಟಿದ್ದು ತೂಕವಲ್ಲ, ಗಡ್ಡ.

ಇವತ್ತಿನ ರೋಗಿ ಡಾರಿನ್ ವಾಂಡೆನ್‌ಬೂಮ್, ಚೀಸ್ ಕಾರ್ಖಾನೆಗೆ ಹಾಲಿನ ಟ್ಯಾಂಕರ್ ಓಡಿಸುವವನು. ಎದೆಯವರೆಗೆ ಇಳಿದ ಕೆಂಚು ಗಡ್ಡ, ಕೈ ಹಾಕಿದರೆ ಬೆರಳು ಸಿಕ್ಕಿಕೊಳ್ಳುವಷ್ಟು ದಟ್ಟ. ಮಾಸ್ಕು ಗಡ್ಡದ ಮೇಲೆ ಸರಿಯಾಗಿ ಕೂರುವುದಿಲ್ಲ, ಊದಿದ ಗಾಳಿಯೆಲ್ಲ ಕೂದಲ ಸಂದಿಯಲ್ಲಿ ಸೋರಿ ಹೋಗುತ್ತದೆ. ಬೋಳಿಸಿಕೊಂಡು ಬನ್ನಿ ಎಂದು ಅವನಿಗೆ ಫೋನ್ ಮಾಡಿ ಹೇಳಿದ್ದಾಯಿತು, ಮತ್ತೆ ಮಾಡಿ ನೆನಪಿಸಿದ್ದಾಯಿತು. ಆಯ್ತು ಆಯ್ತು ಎಂದವನು ಇವತ್ತು ಗಡ್ಡದ ಸಮೇತ ಬಂದು ಮಂಚದ ಮೇಲೆ ಕೂತಿದ್ದ. ಯಾಕೆಂದು ಕೇಳಿದರೆ ಜಿಂಕೆ.

"ಶನಿವಾರ ಬೇಟೆ ಶುರು ಡಾಕ್ಟ್ರೇ. ನಾನು ಈ ಸಲ ಹೋಗಲ್ಲ ಸರಿ, ಅಣ್ಣಂದಿರು ಹೋಗ್ತಾರಲ್ಲ? ಮನೇಲಿ ಒಬ್ಬ ಬೋಳಿಸ್ಕೊಂಡ್ರೂ ಯಾರಿಗೂ ಒಂದು ಕೊಂಬೂ ಸಿಗಲ್ಲ. ಆಮೇಲೆ ಅವರು ನನ್ನನ್ನ ಸುಮ್ನೆ ಬಿಡ್ತಾರಾ?"

ನವೆಂಬರ್ ತಿಂಗಳಲ್ಲಿ, ವಿಸ್ಕಾನ್ಸಿನ್‌ನಲ್ಲಿ, ಈ ಮಾತಿಗೆ ಎದುರು ಮಾತಿಲ್ಲ. ಮದುವೆ ಮುಂದೆ ಹಾಕಿಯಾರು, ಹೆಣವನ್ನು ಸೋಮವಾರದ ತನಕ ಕಾಯಿಸಿಯಾರು, ಬೇಟೆ ಮುಗಿಯುವ ಮುನ್ನ ಜಿಂಕೆ ಗಡ್ಡಕ್ಕೆ ಕತ್ತರಿ ಹಾಕು ಎನ್ನುವ ಎದೆಗಾರಿಕೆ ಯಾರಿಗೂ ಇಲ್ಲ. ಯೂನಿಸಳ ಅಪ್ಪನೂ ಹಾಗೇ ಇದ್ದವನು. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟ ಮುಗಿಯುವವರೆಗೆ ರೇಜರ್ ಮುಟ್ಟುತ್ತಿರಲಿಲ್ಲ, ಅಮ್ಮ ಎಷ್ಟು ಗೊಣಗಿದರೂ ಕಿವಿ ಮೇಲೆ ಹಾಕಿಕೊಳ್ಳುತ್ತಿರಲಿಲ್ಲ. ಸರ್ಜನ್ ಡ್ರೈಯರ್ ಅಂತೂ ಪೂರ್ತಿ ರೋಗಿಯ ಪಕ್ಷ ಸೇರಿಬಿಟ್ಟಿದ್ದ. ಅವನ ಕೆನ್ನೆಯ ಮೇಲೂ ಬೇಟೆಯ ಕುರುಚಲು ಎದ್ದಿತ್ತು.

"ಬಿಡು ಯೂನಿಸ್. ಗಡ್ಡಕ್ಕೆ ಜೆಲ್ ಬಳಿ, ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸು, ಮಾಸ್ಕು ಕೂರುತ್ತೆ. ಎಷ್ಟು ಜನಕ್ಕೆ ಮಾಡಿಲ್ಲ ನೀನು?" ಎಂದ.

"ಮಾಡಿದ್ದೀನಿ. ಆದ್ರೆ ಇವನ ಗದ್ದ ಎಷ್ಟಿದೆ, ಕತ್ತು ಎಲ್ಲಿದೆ ಅಂತ ನನಗೆ ಕಾಣ್ತಾನೇ ಇಲ್ಲ. ಏನೂ ಗೊತ್ತಿಲ್ದೆ ಉಸಿರು ನಿಲ್ಲಿಸೋದು ಹೇಗೆ?"

"ಕತ್ತು ತಲೆಗೂ ಭುಜಕ್ಕೂ ಮಧ್ಯೆ ಇರುತ್ತೆ, ನಮ್ಮ ಕಾಲೇಜಲ್ಲಿ ಹಾಗೇ ಹೇಳ್ಕೊಟ್ಟಿದ್ರು. ನೀನು ಹೀಗೆ ಕಾರಿಡಾರ್ ಸವೆಸ್ತಾ ಇದ್ರೆ ನಾನು ಮನೆಗೆ ಹೋಗೋದು ಯಾವಾಗ, ಬಂದೂಕು ಒರೆಸೋದು ಯಾವಾಗ?"

ಅವನ ಮಾತಿಗೆ ಅವಳಿಗೆ ಮೈ ಉರಿಯಿತು. ಆದರೂ ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಜೆಲ್ ಬಳಿದು ಎಷ್ಟೋ ಗಡ್ಡಗಳನ್ನು ಅವಳು ದಾಟಿಸಿದ್ದಳು. ಸರಿ, ಇನ್ನೊಂದು ಸಲ ನೋಡಿ ಮುಗಿಸಿಬಿಡೋಣ ಎಂದುಕೊಂಡು ಡಾರಿನ್‌ನ ಕೋಣೆಯ ಕಡೆ ಹೊರಟಳು. ಅರ್ಧ ದಾರಿಯಲ್ಲಿ ನಿಂತಳು, ಮತ್ತೆ ಹೊರಟಳು.

ಕೋಣೆಯಲ್ಲಿ ಡಾರಿನ್‌ನ ಹೆಂಡತಿ ಮಾರ್ಸಿ ಇದ್ದಳು. ಗಂಡನ ಕಾಲು ಭಾಗದಷ್ಟು ಮೈ, ನಾಲ್ಕು ಪಟ್ಟು ಬಾಯಿ. ಅವನ ಬೆನ್ನಿಗೆ ದಿಂಬು ಕೊಟ್ಟು, ಸರಿಯಿಲ್ಲವೆಂದು ಎಳೆದು, ಮತ್ತೆ ಕೊಡುತ್ತಿದ್ದಳು. ಡಾರಿನ್ ಗಡ್ಡವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಕಿಟಕಿ ನೋಡುತ್ತಿದ್ದ.

"ರಾತ್ರಿ ಗೊರಕೆ ಹೇಗೆ?" ಎಂದು ಯೂನಿಸ್ ಮಾರ್ಸಿಯನ್ನು ಕೇಳಿದಳು.

"ಗೊರಕೆನಾ? ಪಕ್ಕದ ಮನೆಯವರು ಬಾಡಿಗೆ ಕಮ್ಮಿ ಮಾಡಿ ಅಂತ ಅವರ ಓನರ್ ಹತ್ರ ಹೋಗಿದ್ರು. ನಿದ್ದೇಲಿ ಮೂಗಿಗೆ ಗಾಳಿ ಊದೋ ಮೆಷಿನ್ ಹಾಕ್ಸಿದ ಮೇಲೆ ಗೊರಕೆ ಎಷ್ಟೋ ವಾಸಿ. ಆದ್ರೆ ಗೊರಕೆ ನಿಂತ ಮೇಲೆ ಇನ್ನೊಂದು ಶುರುವಾಗುತ್ತೆ ನೋಡಿ, ಅದಕ್ಕೇ ನನಗೆ ಜೀವ ಹೋಗೋದು. ಹೀಗೆ." ಮಾರ್ಸಿ ತುಟಿ ಕಿರಿದು ಮಾಡಿ ಗಾಳಿಯನ್ನು ಒಳಕ್ಕೆ ಎಳೆದಳು. ಸಣ್ಣ ಸಿಳ್ಳೆಯಂಥ ಸದ್ದು ಬಂತು.

ಯೂನಿಸ್ ಅವಳ ಕಡೆ ತಿರುಗಿದಳು. "ಉಸಿರು ಎಳ್ಕೊಳ್ಳುವಾಗ್ಲಾ, ಬಿಡುವಾಗ್ಲಾ?"

"ಎಳ್ಕೊಳ್ಳುವಾಗ. ಮೆಟ್ಟಿಲು ಹತ್ತಿದ್ರೆ ಹಗಲಲ್ಲೂ ಬರುತ್ತೆ. ಆಸ್ತಮಾ ಅಂತ ಹೇಳಿ ಬಾಯಿಗೆ ಊದ್ಕೊಳ್ಳೋದು ಕೊಟ್ಟಿದ್ದಾರೆ. ಅದನ್ನ ಊದಿದ್ರೂ ಒಂದೇ, ಬಿಟ್ರೂ ಒಂದೇ."

ಆಸ್ತಮಾದ ಸಿಳ್ಳೆ ಸಾಮಾನ್ಯವಾಗಿ ಉಸಿರು ಬಿಡುವಾಗ ಬರುತ್ತದೆ. ಎಳೆಯುವಾಗ ಬಂತೆಂದರೆ ಮೇಲೆಲ್ಲೋ, ಕತ್ತಿನ ಮಟ್ಟದಲ್ಲಿ, ದಾರಿಯೇ ಕಿರಿದಾಗಿದೆ ಎಂದು ಲೆಕ್ಕ. ಯೂನಿಸ್ ಡಾರಿನ್‌ನ ಹತ್ತಿರ ಹೋಗಿ, ಕೇಳದೆ ಹೇಳದೆ, ಗಡ್ಡದ ಅಡಿಗೆ ಬೆರಳು ಹಾಕಿದಳು. ಅವನು ಫಕ್ಕನೆ ಅವಳ ಮಣಿಕಟ್ಟು ಹಿಡಿದುಬಿಟ್ಟ.

"ಏ, ಡಾಕ್ಟ್ರ ಕೈ ಬಿಡೋ! ಎಂಥ ಮನುಷ್ಯನೋ ನೀನು!" ಎಂದಳು ಮಾರ್ಸಿ. "ನೀವು ಬೇಜಾರ್ ಮಾಡ್ಕೋಬೇಡಿ ಡಾಕ್ಟ್ರೇ, ಗಡ್ಡ ಮುಟ್ಟೋಕೆ ನನಗೂ ಬಿಡಲ್ಲ. ನಾನು ಇವನ ಗದ್ದ ನೋಡೇ ಇಲ್ಲ ಗೊತ್ತಾ? ಮದುವೇಲೂ ಹೀಗೇ ಇದ್ದ. ನನ್ನ ಮಗಳು ಕರಡಿ ಜೊತೆ ನಿಂತು ಫೋಟೋ ತೆಗಿಸ್ಕೊಂಡಿದ್ದಾಳೆ ಅಂತ ನಮ್ಮಮ್ಮ ಈಗಲೂ ತೋರಿಸ್ತಾಳೆ."

"ಹಾಗಾದ್ರೆ ಇದು ಜಿಂಕೆ ಗಡ್ಡ ಅಲ್ಲ."

"ಜಿಂಕೆನಾ? ಇವನು ಬಂದೂಕು ಎತ್ತಿ ಯಾವ ಕಾಲ ಆಯ್ತೋ!"

"ಮಾರ್ಸಿ," ಎಂದ ಡಾರಿನ್, "ನಿನಗೆ ಕಾಫಿ ಬೇಕಾಗಿತ್ತಲ್ವಾ?"

"ಬೇಡ."

"ಹೋಗಿ ಕುಡ್ಕೊಂಡು ಬಾ ಮಾರಾಯ್ತಿ."

ಮಾರ್ಸಿ ಅವನ ಮುಖ ನೋಡಿದಳು, ಡಾಕ್ಟರ ಮುಖ ನೋಡಿದಳು, ಏನೋ ಗೊಣಗಿಕೊಂಡು ಪರ್ಸ್ ಎತ್ತಿಕೊಂಡು ಹೋದಳು. ಯೂನಿಸ್ ಬಾಗಿಲು ಮುಚ್ಚಿದಳು.

"ಈಗ ಹೇಳಿ. ಏನಿದೆ ಅದರ ಕೆಳಗೆ?"

"ಏನೂ ಇಲ್ಲ." ಅವನು ನಕ್ಕ. "ಏನೂ ಇಲ್ಲ ಅನ್ನೋದೇ ವಿಷಯ ಡಾಕ್ಟ್ರೇ. ಗದ್ದ ಇಲ್ಲ ನನಗೆ. ಕೆಳತುಟಿ ಆದ್ಮೇಲೆ ಸೀದಾ ಕತ್ತು. ಸ್ಕೂಲಲ್ಲಿ ಆಮೆ ಅಂತಿದ್ರು. ಮೈ ದಪ್ಪ ಅಂದ್ರೆ ನಾನೂ ಜೊತೆಗೆ ನಗ್ತೀನಿ, ಅದನ್ನ ತಿಂದು ಬೆಳೆಸ್ಕೊಂಡಿದ್ದು ನಾನೇ. ಇದು ಹುಟ್ಟುತ್ತಲೇ ಬಂದಿದ್ದು."

"ಹುಟ್ಟಿದಾಗ ಉಸಿರಾಟಕ್ಕೆ ತೊಂದರೆ ಆಗಿತ್ತಾ?"

"ಕತ್ತಲ್ಲಿ ತೂತು ಮಾಡಿ ಕೊಳವೆ ಇಟ್ಟಿದ್ರಂತೆ. ನಡೆಯೋಕೆ ಶುರು ಮಾಡಿದ ಮೇಲೆ ತೆಗೆದ್ರಂತೆ. ನಮ್ಮಮ್ಮ ಅದರ ಬಗ್ಗೆ ಬಾಯಿ ಬಿಡ್ತಾ ಇರಲಿಲ್ಲ."

"ಹಿಂದೆ ಏನಾದ್ರೂ ಆಪರೇಷನ್ ಆಗಿದ್ಯಾ ಅಂತ ಕೇಳಿದ್ದಕ್ಕೆ ಇಲ್ಲ ಅಂದ್ರಲ್ರೀ!"

"ಆಪರೇಷನ್ ಅಲ್ವಲ್ಲ ಅದು. ತೂತು."

ಯೂನಿಸ್‌ಗೆ ಕೋಪ ನೆತ್ತಿಗೇರಿತು. ಕೋಣೆಯ ಆ ತುದಿಗೆ ಹೋಗಿ ಈ ತುದಿಗೆ ಬಂದಳು. ಈ ಮನುಷ್ಯನನ್ನು ಸಿಳ್ಳೆಯ ಮಾತು ಬರುವ ಮುಂಚೆ ಮಲಗಿಸಿದ್ದಿದ್ದರೆ?

"ಕೇಳಿ ಇಲ್ಲಿ. ಆ ತೂತು ಮುಚ್ಚಿದ ಜಾಗದಲ್ಲಿ ಒಳಗೆ ಗಾಯ ಗಟ್ಟಿಯಾಗಿ ದಾರಿ ಕಿರಿದಾಗಿರಬಹುದು. ಆ ಸಿಳ್ಳೆ ಅದರದ್ದೇ ಅಂತ ನನಗನ್ಸುತ್ತೆ. ನಾನು ನಿಮ್ಮನ್ನ ಮಲಗಿಸಿ ಉಸಿರು ನಿಲ್ಲಿಸ್ತಿದ್ದೆ. ಗಡ್ಡದಿಂದ ಮಾಸ್ಕಿನ ಗಾಳಿ ಸೋರ್ತಿತ್ತು. ಗದ್ದ ಇಲ್ದೆ ಕೊಳವೆಗೆ ದಾರಿ ಕಾಣ್ತಿರಲಿಲ್ಲ. ಕಂಡ್ರೂ ಅದು ಒಳಗೆ ಇಳೀತಿರಲಿಲ್ಲ. ಕೊನೆಗೆ ಕತ್ತು ಕುಯ್ಯೋಣ ಅಂದ್ರೆ ಈ ಕಾಡಲ್ಲಿ ಎಲ್ಲಿ ಅಂತ ಹುಡುಕ್ತಿದ್ದೆ? ನಿಮ್ಮ ಹೆಂಡತಿ ಕಾಫಿ ಮುಗಿಸೋದ್ರೊಳಗೆ ನೀವು ಹೆಣ ಆಗಿರ್ತಿದ್ರಿ."

ಡಾರಿನ್ ಮಂಚದಿಂದ ಕಾಲು ಇಳಿಬಿಟ್ಟ. "ಹಾಗಾದ್ರೆ ಆಪರೇಷನ್ನೇ ಬೇಡ ಬಿಡಿ. ಮನೆಗೆ ಹೋಗ್ತೀನಿ."

"ಮನೆಗೆ ಹೋದ್ರೂ ಇದೇ ಗಂಟಲು ತಾನೇ ತಗೊಂಡು ಹೋಗೋದು? ಈ ಸಿಳ್ಳೆ ಕೇಳಿದ ಮೇಲೆ ನಾನು ಹೇಗ್ರೀ ಕಳಿಸ್ಲಿ? ಗಡ್ಡ ತೆಗೀಬೇಕು. ಎಚ್ಚರ ಇರುವಾಗ್ಲೇ ಮೂಗಿಂದ ಸಣ್ಣ ಕ್ಯಾಮರಾ ಇಳಿಸಿ ನೋಡ್ತೀನಿ. ಒಳಗೆ ಹೋದಾಗ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಮಾಸ್ಕು ನಿಮ್ಮ ಮುಖಕ್ಕೆ ಗಟ್ಟಿಯಾಗಿ ಕೂರ್ಬೇಕು, ಕತ್ತು ನನ್ನ ಕಣ್ಣಿಗೆ ಬೀಳ್ಬೇಕು. ಒಂದು ಗದ್ದಕ್ಕೋಸ್ಕರ ಸಾಯ್ತೀರಾ?"

"ಗದ್ದಕ್ಕಲ್ಲ." ಅವನ ಕಣ್ಣು ತುಂಬಿತು. ಅಷ್ಟು ದೊಡ್ಡ ಮೈ ಮಂಚದ ಮೇಲೆ ಮುದುಡಿತು. "ನಮ್ಮ ಬ್ರಿನ್, ನನ್ನ ಮಗಳು. ಅವಳೂ ಹೀಗೇ ಹುಟ್ಟಿದ್ಲು. ಗದ್ದ ಇಲ್ದೆ, ಉಸಿರು ಕಟ್ಕೊಂಡು. ಮನೆತನದಲ್ಲಿ ಯಾರಿಗಾದ್ರೂ ಇದೆಯಾ ಅಂತ ಡಾಕ್ಟ್ರು ಕೇಳಿದ್ರು. ಬಸುರಿಯಾಗಿದ್ದಾಗ ಏನಾದ್ರೂ ಮಾತ್ರೆ ತಗೊಂಡಿದ್ರಾ ಅಂತಾನೂ ಕೇಳಿದ್ರು. ಮಾರ್ಸಿ ತಲೆನೋವಿಗೆ ಏನೋ ನುಂಗಿದ್ಲು, ಬಸುರಿ ಅಂತ ಗೊತ್ತಾಗೋ ಮುಂಚೆ. ತನ್ನಿಂದಾನೇ ಆಯ್ತು ಅಂತ ಅವಳೇ ತೀರ್ಮಾನ ಮಾಡ್ಕೊಂಡು ಅತ್ತಳು. ನಾನು ಪಕ್ಕದಲ್ಲಿ ನಿಂತಿದ್ದೆ, ಬಾಯಿ ಬಿಡಲಿಲ್ಲ. ನಾಳೆ ಹೇಳಣ ಅಂದ್ಕೊಂಡೆ."

"ಮಗಳಿಗೆ ಈಗ ಎಷ್ಟು?"

"ಹದಿನಾಲ್ಕು."

ಯೂನಿಸ್‌ಗೆ ಈ ಮನುಷ್ಯನನ್ನು ಕಂಡು ಅಸಹ್ಯವಾಯಿತು. ಮರುಕ್ಷಣವೇ ಅಯ್ಯೋ ಪಾಪ ಎನಿಸಿತು. ಎರಡನ್ನೂ ಇಟ್ಟುಕೊಂಡು ಏನು ಮಾಡುವುದೆಂದು ಅವಳಿಗೆ ತೋಚಲಿಲ್ಲ. ಅವರ ಸಂಸಾರ ಅವರದು, ಉಸಿರು ಮಾತ್ರ ತನ್ನ ಪಾಲಿಗೆ ಬಂದದ್ದು.

"ತೆಗೀಲಾ ಬೇಡ್ವಾ? ಬೇಗ ಹೇಳಿ."

"ಅವಳು ಬರೋದ್ರೊಳಗೆ ಮುಗಿಸಿ," ಎಂದ ಡಾರಿನ್. "ಆಮೇಲೆ ಮುಖ ಮುಚ್ಚಿಬಿಡಿ."

ಮೇವಿಸ್ ಬೋಳಿಸುವ ಮೆಷಿನ್ ತಂದಳು. ಗಡ್ಡ ಕಂತೆಕಂತೆಯಾಗಿ ಟವೆಲಿನ ಮೇಲೆ ಬಿತ್ತು. ಡಾರಿನ್ ಕಣ್ಣು ಮುಚ್ಚಿಕೊಂಡಿದ್ದ. ಕೆಳತುಟಿ ಕಾಣಿಸಿತು, ಅದರ ಕೆಳಗೆ ಇರಬೇಕಾದ್ದು ಇರಲಿಲ್ಲ. ಮುಖ ಅಲ್ಲೇ ಹಿಂದಕ್ಕೆ ಜಾರಿ ಕತ್ತಿನ ಮಡಿಕೆಯಲ್ಲಿ ಸೇರಿಹೋಗಿತ್ತು. ಮಡಿಕೆಯನ್ನು ಯೂನಿಸ್ ಎರಡು ಬೆರಳಿಂದ ಬಿಡಿಸಿದಳು. ನಡುವೆ ಬಿಳಿಚಿಕೊಂಡ ಒಂದು ಕಲೆ, ಹೊಕ್ಕುಳಿನಂತೆ ಒಳಕ್ಕೆ ಎಳೆದುಕೊಂಡಿತ್ತು. ಅವನು ಉಸಿರೆಳೆದಾಗಲೆಲ್ಲ ಅದು ಇನ್ನಷ್ಟು ಒಳಕ್ಕೆ ಹೋಗುತ್ತಿತ್ತು. ಮೇವಿಸ್ ಅದನ್ನು ನೋಡಿ ತಮಾಷೆಯ ಮಾತನ್ನೆಲ್ಲ ಮರೆತಳು.

"ಏನು, ಇನ್ನೂ ಆಗಲಿಲ್ವಾ?" ಎನ್ನುತ್ತ ಡ್ರೈಯರ್ ತಲೆ ಹಾಕಿದ. ಯೂನಿಸ್ ಆ ಕಲೆಯತ್ತ ಬೆರಳು ಮಾಡಿ ತೋರಿಸಿದಳು. ಅವನು ಬಗ್ಗಿ ನೋಡಿದ.

"ಇದನ್ನ ಯಾಕೆ ಯಾರೂ ನೋಡಲಿಲ್ಲ?"

"ಜಿಂಕೆ," ಎಂದಳು ಯೂನಿಸ್.

ಡ್ರೈಯರ್‌ನ ಕೈ ತನಗರಿವಿಲ್ಲದೆ ತನ್ನ ಕುರುಚಲಿನ ಮೇಲೆ ಹೋಯಿತು. ಅವನ ಬೆನ್ನ ಹಿಂದೆ, ಬಾಗಿಲಲ್ಲಿ, ಮಾರ್ಸಿ ಕಾಫಿ ಲೋಟ ಹಿಡಿದು ನಿಂತಿದ್ದಳು.

ಮೇವಿಸ್ ಟವೆಲ್ ಎತ್ತಿ ಡಾರಿನ್‌ನ ಮುಖಕ್ಕೆ ಅಡ್ಡ ಹಿಡಿಯಲು ಹೋದಳು. ತಡವಾಗಿತ್ತು. ಮಾರ್ಸಿ ಹತ್ತಿರ ಬಂದಳು. ಮೊದಲು ಅವಳ ಮುಖದಲ್ಲಿ ನಗುವೇ ಬಂತು, ಬೋಳಿಸಿಕೊಂಡ ಗಂಡನನ್ನು ಕಂಡ ಯಾವ ಹೆಂಡತಿಗೂ ಬರುವಂಥದ್ದು. ಅದು ಅರ್ಧಕ್ಕೇ ನಿಂತಿತು.

"ಬ್ರಿನ್," ಎಂದಳು. "ಇದು ನಮ್ಮ ಬ್ರಿನ್ ಮುಖ."

ಮಾರ್ಸಿ ಲೋಟವನ್ನು ಮೇಜಿನ ಮೇಲಿಟ್ಟಳು.

"ಪ್ರತಿ ಹುಟ್ಟುಹಬ್ಬಕ್ಕೂ ಅವಳು ಕೇಕ್ ಕತ್ತರಿಸುವಾಗ ನಾನು ಮನಸ್ಸಲ್ಲೇ ತಪ್ಪಾಯ್ತು ಕಣಮ್ಮ ಅಂತೀನಿ. ಅಮ್ಮ ನಿನಗೆ ಹೀಗೆ ಮಾಡ್ಬಿಟ್ಲು ಅಂತೀನಿ. ಅದನ್ನ ನಿನಗೆ ಹೇಳಿದ್ದೆ ನಾನು. ಒಬ್ಬನಿಗೇ ಹೇಳಿದ್ದೆ. ನೀನು ಪಕ್ಕದಲ್ಲೇ ನಿಂತು ಚಪ್ಪಾಳೆ ತಟ್ತಿದ್ದೆ."

"ಮಾರ್ಸಿ, ನಾನು..."

"ಮಾತಾಡ್ಬೇಡ. ಒಂದು ಮಾತಾಡ್ಬೇಡ."

ಅವಳು ಹೊರಗೆ ಹೋಗಲಿಲ್ಲ, ಕೂರಲೂ ಇಲ್ಲ. ಗೋಡೆಗೆ ಒರಗಿ ಕೈ ಕಟ್ಟಿಕೊಂಡು ನಿಂತಳು. ಈಕೆಯನ್ನು ಹೊರಗೆ ಕಳಿಸಬೇಕೇ ಎಂದು ಯೂನಿಸ್ ಒಂದು ಕ್ಷಣ ಯೋಚಿಸಿದಳು. ಕಳಿಸುವ ಧೈರ್ಯ ಅವಳಿಗೆ ಬರಲಿಲ್ಲ, ಕಾಯುವ ಹಾಗೂ ಇರಲಿಲ್ಲ. ಅಳು ತಡೆದುಕೊಂಡ ಡಾರಿನ್‌ಗೆ ಏದುಸಿರು ಹತ್ತಿತ್ತು, ಆ ಸಿಳ್ಳೆ ಈಗ ಕೋಣೆಯಲ್ಲಿದ್ದವರಿಗೆಲ್ಲ ಕೇಳುತ್ತಿತ್ತು.

ಅವನನ್ನು ಎತ್ತರಕ್ಕೆ ಕೂರಿಸಿ ಮೂಗಿಗೂ ಗಂಟಲಿಗೂ ಮರಗಟ್ಟಿಸುವ ಮದ್ದು ಸಿಂಪಡಿಸಿದರು. ಯೂನಿಸ್ ಹುರಿಯಷ್ಟು ಸಣ್ಣ ಕ್ಯಾಮರಾವನ್ನು ಮೂಗಿನಿಂದ ಮೆಲ್ಲಗೆ ಇಳಿಸಿದಳು. ಪರದೆಯ ಮೇಲೆ ಒದ್ದೆಯಾದ ಕೆಂಪು ದಾರಿ ತೆರೆಯುತ್ತಾ ಹೋಯಿತು. ನಾಲಿಗೆಯ ಬುಡ ದಾಟಿತು, ದನಿಪೆಟ್ಟಿಗೆಯ ಬಿಳಿ ತಂತುಗಳು ಕಂಡವು. ಅವುಗಳಾಚೆಗೆ ಅಗಲವಾದ ಶ್ವಾಸನಾಳ ಕಾಣಬೇಕಿತ್ತು. ಕಂಡದ್ದು ಬಿಳಿ ಉಂಗುರದಂಥ ಗಾಯ, ನಡುವೆ ಪೆನ್ಸಿಲ್ ಕೂಡ ತಿಣುಕಿ ಹೋಗುವಂಥ ಕಂಡಿ. ಇಷ್ಟು ವರ್ಷ ಈ ಮನುಷ್ಯ ಅಷ್ಟೂ ಮೈಗೆ ಆ ಕಂಡಿಯಿಂದ ಗಾಳಿ ಎಳೆದುಕೊಂಡಿದ್ದ. ಥಿಯೇಟರಿನಲ್ಲಿ ಅವನಿಗೆಂದು ತೆಗೆದಿಟ್ಟಿದ್ದ ಕೊಳವೆ ಇದಕ್ಕಿಂತ ಎಷ್ಟೋ ದಪ್ಪ.

"ಇವತ್ತು ಆಪರೇಷನ್ ಇಲ್ಲ," ಎಂದಳು. "ಮೊದಲು ಇದನ್ನ ಅಗಲ ಮಾಡಿಸ್ಬೇಕು. ಗಂಟಲಿನ ಡಾಕ್ಟ್ರನ್ನ ಈಗ್ಲೇ ಕರೆಸಿ." ಡ್ರೈಯರ್ ತಲೆಯಾಡಿಸಿ, ತಾನೇ ಫೋನಿನ ಕಡೆ ಓಡಿದ.

ಅವಳು ಕ್ಯಾಮರಾ ಹಿಂದಕ್ಕೆ ಎಳೆದಳು. ಅದು ಮೇಲೆ ಬರುತ್ತಿದ್ದಂತೆ ಡಾರಿನ್ ಒಮ್ಮೆ ಕೆಮ್ಮಿದ, ಇನ್ನೊಮ್ಮೆ ಕೆಮ್ಮಿದ, ಆಮೇಲೆ ಗಂಟಲು ಗಪ್ಪನೆ ಮುಚ್ಚಿಕೊಂಡಿತು. ಎದೆ ಎತ್ತುತ್ತಿತ್ತು, ಗಾಳಿ ಒಳಗೆ ಹೋಗುತ್ತಿರಲಿಲ್ಲ. ಸಿಳ್ಳೆಯೂ ನಿಂತಿತು. ಯೂನಿಸ್ ಮಾಸ್ಕನ್ನು ಆ ಬೋಳು ಮುಖಕ್ಕೆ ಒತ್ತಿದಳು. ಎಲ್ಲೂ ಸೋರದೆ ಅದು ಕಚ್ಚಿ ಕೂತಿತು. ಮಾಸ್ಕಿಗೆ ಜೋಡಿಸಿದ ಗಾಳಿಚೀಲ ಹಿಸುಕಿದಳು. ಮೇವಿಸ್ ಕತ್ತು ಕುಯ್ಯುವ ಸಾಮಾನಿನ ತಟ್ಟೆ ಎಳೆದುಕೊಂಡಳು. ಆಕ್ಸಿಜನ್ ಅಳೆಯುವ ಯಂತ್ರ ಬಡಿದುಕೊಳ್ಳತೊಡಗಿತು.

"ಮೆಲ್ಲಗೆ ಎಳೀರಿ ಡಾರಿನ್. ಮೂಗಿಂದ. ಹೆದರ್ಬೇಡಿ, ನಾನಿದ್ದೀನಿ. ಎಳೀರಿ."

ಡಾರಿನ್ ಅವಳನ್ನು ನೋಡುತ್ತಿರಲಿಲ್ಲ. ಗೋಡೆಯ ಬಳಿ ನಿಂತ ಹೆಂಡತಿಯನ್ನು ನೋಡುತ್ತಿದ್ದ. ಆ ಕಣ್ಣಲ್ಲಿ ಯೂನಿಸ್‌ಗೆ ಬೇಡವಾದದ್ದೊಂದು ಕಂಡಿತು. ಆಯಿತು, ಇಷ್ಟೇ, ಒಳ್ಳೆಯದೇ ಆಯಿತು ಎನ್ನುವಂಥ ನೋಟ. ಅವನು ಎಳೆಯುವುದನ್ನೇ ಬಿಡುತ್ತಿದ್ದ. ಯೂನಿಸಳ ಕೈಯ ಚೀಲ, ಗಾಳಿ ಒಳಗೆ ಹೋಗದೆ, ಕಲ್ಲಾಗಿತ್ತು.

ಮಾರ್ಸಿ ಗೋಡೆ ಬಿಟ್ಟು ಬಂದಳು. ಬಂದವಳೇ ಅವನ ಎರಡೂ ಕಿವಿ ಹಿಡಿದುಕೊಂಡಳು.

"ಏ! ನನ್ನ ಕಡೆ ನೋಡು. ಹೀಗೆ ತಪ್ಪಿಸ್ಕೊಂಡು ಹೋಗ್ತೀಯಾ? ಬಿಡ್ತೀನಾ ನಾನು? ನಿನ್ನನ್ನ ಬಯ್ಯೋದು ಇನ್ನೂ ಶುರುವೇ ಮಾಡಿಲ್ಲ ನಾನು. ಮನೆಗೆ ಬಂದು ಬ್ರಿನ್ ಮುಂದೆ ಕೂತು, ಈ ಮುಖ ತೋರಿಸಿ, ನೀನೇ ಹೇಳ್ತೀಯ ಅವಳಿಗೆ. ನನ್ನಿಂದ ಬಂದಿದ್ದು, ಅಮ್ಮನಿಂದಲ್ಲ ಅಂತ. ಅದನ್ನ ಹೇಳದೆ ನೀನು ಸಾಯೋ ಹಾಗಿಲ್ಲ. ಕೇಳಿಸ್ತಾ? ಎಳಿ ಉಸಿರು! ಎಳಿಯೋ!"

ಚೀಲ ಯೂನಿಸಳ ಕೈಯಲ್ಲಿ ಒಂದಿಷ್ಟು ಮೆತ್ತಗಾಯಿತು. ಸಿಳ್ಳೆ ಕೇಳಿಸಿತು, ಸಣ್ಣಗೆ. ಎದೆ ಮೇಲೆದ್ದಿತು.

"ಇನ್ನೊಂದು," ಎಂದಳು ಮಾರ್ಸಿ, ಕಿವಿ ಬಿಡದೆ.